ಮುಚ್ಚಿಟ್ಟ ಪುಟಗಳೇ ಪೋರ್ಟ್‌ಫೋಲಿಯೊ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಕಲಾಶಾಲೆ ಸೇರುವ ಬಗ್ಗೆ ಸಲಹೆ ಕೇಳಲು ನನ್ನ ಬಳಿ ಬಂದವಳು 17 ವರ್ಷದ ಹುಡುಗಿ. ತಾಯಿ ನಾಲ್ಕು ಮನೆಗಳ ಪಾತ್ರೆ ತೊಳೆಯುತ್ತಾರೆ. ಇಬ್ಬರು ತಮ್ಮಂದಿರು, ಇರುವುದೊಂದೇ ಕೋಣೆ. “ಒಳ್ಳೆಯ ಬಣ್ಣವಿಲ್ಲ, ತರಬೇತಿಯಿಲ್ಲ. ಕಲಾಶಾಲೆಯಲ್ಲಿ ನನ್ನನ್ನು ಯಾರು ಸೇರಿಸಿಕೊಳ್ಳುತ್ತಾರೆ ಮೇಡಂ?” ತಂದಿದ್ದ ಚಿತ್ರಗಳೆಲ್ಲ ಮೊಬೈಲ್ ನೋಡಿ ಬಿಡಿಸಿದ ತಾರೆಯರ ಮುಖಗಳು. ಅಚ್ಚುಕಟ್ಟಾಗಿದ್ದವು, ಜೀವವಿರಲಿಲ್ಲ.

ಶಾಲೆಯ ನೋಟ್‌ಬುಕ್ಕಿನ ಕೊನೆಯಲ್ಲಿ ಬೇರೆಯೇ ಕೈ ಕಂಡಿತು: ಗೋಡೆಗೊರಗಿ ನಿದ್ದೆಹೋದ ತಾಯಿ, ನೀರಿನಲ್ಲಿ ನೆನೆದು ಸುಕ್ಕಾದ ಬೆರಳುಗಳು, ಒಂದು ಗೆಣ್ಣೂ ತಪ್ಪದಂತೆ, ಬಾಲ್ ಪೆನ್ನಿನಲ್ಲಿ. “ಇದು ತೋರಿಸುವಂಥದ್ದಲ್ಲ” ಎಂದು ಪುಟ ಮುಚ್ಚಿದಳು. ಬಣ್ಣದ ಕೊರತೆಗಿಂತ ಈ ಸಂಕೋಚವೇ ದೊಡ್ಡ ಅಡ್ಡಿಯಾಗಿತ್ತು. ಜರ್ಮನಿಯ ಕಲಾವಿದೆ ಕೇಟೆ ಕೋಲ್ವಿಟ್ಸ್ (1867–1945) ಬಹುಪಾಲು ಕಪ್ಪು-ಬಿಳುಪಿನಲ್ಲೇ ಬಿಡಿಸಿದ ದುಡಿಯುವ ಹೆಂಗಸರನ್ನು ತೋರಿಸಿದೆ. ಬಹಳ ಹೊತ್ತು ನೋಡಿದಳು.

ಆಯ್ಕೆ ಮಾಡುವವರು ಸಾಮಾನ್ಯವಾಗಿ ಹುಡುಕುವುದು ಕಣ್ಣೆದುರು ಕಂಡು ಬಿಡಿಸಿದ್ದನ್ನು. ಫೋಟೊದ ನಕಲಿಗೆ ಅಷ್ಟು ಬೆಲೆಯಿಲ್ಲ. 2ಬಿ, 6ಬಿಯಂಥ ಮೆತ್ತನೆಯ ಪೆನ್ಸಿಲ್ಲು, ಅಗ್ಗದ ಕಾಗದ ಸಾಕು ಎಂದೆ. ತಮ್ಮಂದಿರು ಒಂದೆಡೆ ಕೂರುವುದಿಲ್ಲವಂತೆ. ಒಳ್ಳೆಯದೇ ಆಯಿತು, ಒಂದು ನಿಮಿಷದಲ್ಲಿ ಭಂಗಿ ಹಿಡಿಯುವ ಅಭ್ಯಾಸಕ್ಕೆ ಅವರಿಗಿಂತ ಬೇಕೇ? ಪೋರ್ಟ್‌ಫೋಲಿಯೊ ಎಂದರೆ ಪ್ರವೇಶಕ್ಕೆ ಕೊಡುವ ಚಿತ್ರಗಳ ಸಂಗ್ರಹ; ಹಲವು ಶಾಲೆಗಳು ಅದರಲ್ಲಿ 10ರಿಂದ 20 ಚಿತ್ರ ಕೇಳುತ್ತವೆ, ಕರಡನ್ನೂ ನೋಡುತ್ತವೆ. ಕೆಟ್ಟ ಹಾಳೆಯನ್ನೂ ಹರಿಯಬಾರದು. ಕಳಿಸಲು ಚಿತ್ರಗಳ ಫೋಟೊ ತೆಗೆಯುವಾಗ ಕಿಟಕಿಯ ಹಗಲು ಬೆಳಕಿರಲಿ, ಫ್ಲ್ಯಾಶ್ ಬೇಡ, ಮೊಬೈಲ್ ಹಾಳೆಗೆ ಸಮಾನಾಂತರವಾಗಿರಲಿ.

ಸಂದರ್ಶನದಲ್ಲಿ ಕಷ್ಟದ ಕಥೆ ಹೇಳು ಎಂದು ಹಿತೈಷಿಗಳು ಹೇಳಿಕೊಡುವುದುಂಟು. ನನಗದು ಹಿಡಿಸದು. ಆ ಬೆರಳುಗಳನ್ನೇ ಏಕೆ ಆರಿಸಿಕೊಂಡೆ, ಗೆರೆಯನ್ನು ಎಲ್ಲಿ ಒತ್ತಿದೆ, ಎಲ್ಲಿ ಬಿಟ್ಟೆ ಎಂದು ಹೇಳಲು ಬಂದರೆ ಸಾಕು. ಕಷ್ಟ ಹೇಳಿಕೊಳ್ಳಲು ಶುಲ್ಕ ವಿನಾಯಿತಿಯ ಅರ್ಜಿಯಿದೆ. ಅದರ ಮತ್ತು ವಿದ್ಯಾರ್ಥಿವೇತನದ ಕೊನೆಯ ದಿನ ಪ್ರವೇಶದ ದಿನಕ್ಕಿಂತ ಮೊದಲೇ ಇರಬಹುದು. ಅದನ್ನು ಈಗಲೇ ವಿಚಾರಿಸಬೇಕು.

“ಚಿತ್ರ ಬರೆದರೆ ಹೊಟ್ಟೆ ತುಂಬುತ್ತದೆಯೇ?” ಎಂದು ತಾಯಿ ಕೇಳಿದರು. ನ್ಯಾಯವಾದ ಪ್ರಶ್ನೆ. ಅನಿಮೇಷನ್, ಜವಳಿ ವಿನ್ಯಾಸ, ಪುಸ್ತಕಗಳಿಗೆ ಚಿತ್ರ, ಕಲಾಶಿಕ್ಷಣ ಹೀಗೆ ದಾರಿಗಳಿವೆ ಎಂದೆ. ಕೆಲಸ ಸಿಕ್ಕೇ ಸಿಗುತ್ತದೆ ಎಂದು ಮಾತು ಕೊಡಲಿಲ್ಲ. ಶುಲ್ಕ, ವಸತಿ, ಸಾಮಗ್ರಿ ಮೂರರ ಖರ್ಚನ್ನೂ ಶಾಲೆಯಿಂದ ಬರಹದಲ್ಲಿ ಪಡೆಯಿರಿ, ವಿದ್ಯಾರ್ಥಿವೇತನ ಅದರಲ್ಲೆಷ್ಟು ತುಂಬುತ್ತದೆ ನೋಡಿ, ಆಮೇಲೆ ಒಪ್ಪುವುದೋ ಬಿಡುವುದೋ ನಿಮಗೆ ಬಿಟ್ಟದ್ದು ಎಂದೆ. ಲೆಕ್ಕ ಕಂಡ ಮೇಲೆಯೇ ಮಾತು ಎಂದರು. ಮುಂದಿನ ಭೇಟಿಗೆ ಆ ಲೆಕ್ಕ ತರುವ ಕೆಲಸ ಮಗಳದ್ದು.