ಕೇಳಿದವರಿಗೆ ಕೊಟ್ಟ ಟ್ರ್ಯಾಕ್ಟರ್‌ನಿಂದ ಅಪಘಾತವಾದರೆ ಹೊಣೆ ಯಾರದು?

ನಮ್ಮ ಗುಂಪಿನಲ್ಲಿ ಟ್ರ್ಯಾಕ್ಟರ್ ಮಾಲೀಕರೊಬ್ಬರು ಕೇಳಿದ ಪ್ರಶ್ನೆಯ ಸಾರಾಂಶ ಇಷ್ಟು. ಮೆಕ್ಕೆಜೋಳ ಸಾಗಿಸಲು ಪಕ್ಕದ ಹೊಲದವರು ಟ್ರ್ಯಾಕ್ಟರ್, ಟ್ರೇಲರ್ ಎರಡನ್ನೂ ಕೇಳಿ ಒಯ್ದಿದ್ದಾರೆ. ಓಡಿಸಿದ್ದು ಅವರ ಕಡೆಯ ಹುಡುಗ. ತಿರುವಿನಲ್ಲಿ ಮಡ್‌ಗಾರ್ಡ್ ಮೇಲೆ ಕೂತಿದ್ದ ಕೂಲಿಯವರು ಬಿದ್ದು ಕಾಲು ಮುರಿದುಕೊಂಡಿದ್ದಾರೆ. "ನಾನು ಓಡಿಸಿಲ್ಲ, ಬಾಡಿಗೆಯನ್ನೂ ತಗೊಂಡಿಲ್ಲ, ನನಗೇನು ಸಂಬಂಧ?"

ಸಂಬಂಧ ಇದೆ. ಪರಿಹಾರದ ಕೇಸಿನಲ್ಲಿ ಚಾಲಕ, ಆರ್‌ಸಿಯಲ್ಲಿ ಹೆಸರಿರುವ ಮಾಲೀಕ, ವಿಮಾ ಕಂಪನಿ ಮೂವರನ್ನೂ ಪ್ರತಿವಾದಿ ಮಾಡುತ್ತಾರೆ. ನೀವು ಒಪ್ಪಿ ಕೊಟ್ಟ ಗಾಡಿಯಾದ್ದರಿಂದ, ಬಾಡಿಗೆ ಪಡೆದಿಲ್ಲ ಎಂಬ ವಾದದಿಂದ ಹೊಣೆ ಇಳಿಯುವುದಿಲ್ಲ. ಓಡಿಸುವವನ ತಪ್ಪಿಗೆ ಪೊಲೀಸ್ ಕೇಸು ಅವನ ಮೇಲೆ ಬೀಳುತ್ತದೆ, ದುಡ್ಡಿನ ಹೊಣೆ ಮಾತ್ರ ನಿಮ್ಮವರೆಗೂ ಬರುತ್ತದೆ.

ನಿಮ್ಮ ಕೇಸಿನ ನಿಜವಾದ ತೊಡಕು ಮಡ್‌ಗಾರ್ಡ್. ಟ್ರ್ಯಾಕ್ಟರ್ ಆರ್‌ಸಿಯಲ್ಲಿ ಆಸನ ಸಂಖ್ಯೆ ನೋಡಿ, ಸಾಮಾನ್ಯವಾಗಿ 1 ಎಂದಿರುತ್ತದೆ, ಅಂದರೆ ಚಾಲಕ ಮಾತ್ರ. ದಾರಿಯಲ್ಲಿ ನಡೆದು ಹೋಗುತ್ತಿದ್ದವರಿಗೆ ಗುದ್ದಿದ್ದರೆ ಅವರು ಥರ್ಡ್ ಪಾರ್ಟಿ (ಪಾಲಿಸಿಗೆ ಸಂಬಂಧವಿಲ್ಲದ ಹೊರಗಿನವರು), ಕಂಪನಿ ಕೊಡಲೇಬೇಕು. ಮಡ್‌ಗಾರ್ಡ್ ಮೇಲೆ ಕೂತವರು, ಟ್ರೇಲರ್‌ನಲ್ಲಿ ಮೂಟೆಯ ಮೇಲೆ ಕೂತವರು ಕಂಪನಿಯ ಲೆಕ್ಕದಲ್ಲಿ ಕಾನೂನುಬಾಹಿರ ಪ್ರಯಾಣಿಕರು. ಕೆಲವು ಕೇಸುಗಳಲ್ಲಿ ಕೋರ್ಟು "ಮೊದಲು ಕಂಪನಿ ಕೊಡಲಿ, ಆಮೇಲೆ ಮಾಲೀಕರಿಂದ ವಸೂಲಿ ಮಾಡಿಕೊಳ್ಳಲಿ" ಎನ್ನುತ್ತದೆ. ಇದನ್ನು ಕೇಳಿ ಎಷ್ಟೋ ಜನ ಬಚಾವಾದೆವು ಅಂದುಕೊಳ್ಳುತ್ತಾರೆ. ಕಂಪನಿ ಇದಕ್ಕೆ ಬೇರೆ ದಾವೆ ಹೂಡಬೇಕಿಲ್ಲ, ಅದೇ ಆದೇಶದ ಮೇಲೆ ನಿಮ್ಮ ಆಸ್ತಿಗೆ ಬರಬಹುದು.

ಹಾಗಾಗಿ ಇವತ್ತೇ ಪಾಲಿಸಿ ತೆಗೆದು ಪ್ರೀಮಿಯಂ ವಿಂಗಡಣೆಯ ಪಟ್ಟಿ ಓದಿ. ಟ್ರೇಲರ್ ಬೇರೆ ಸಾಲಿನಲ್ಲಿ ನಮೂದಾಗಿದೆಯೇ? ಮೋಟಾರು ವಾಹನ ಕಾಯ್ದೆಯ ಪ್ರಕಾರ ಟ್ರೇಲರ್ ಕೂಡ ಮೋಟಾರು ವಾಹನವೇ, ಅದಕ್ಕೂ ನೋಂದಣಿ, ವಿಮೆ ಬೇಕು. ಚಾಲಕನಿಗೆ, ಲೋಡಿಂಗ್-ಅನ್‌ಲೋಡಿಂಗ್ ಕೂಲಿಗಳಿಗೆ ಪ್ರತ್ಯೇಕ ಪ್ರೀಮಿಯಂ ಕಟ್ಟಿದ್ದೀರಾ? ಆ ಸಾಲು ಇದ್ದರೆ ವಾದಕ್ಕೆ ಒಂದು ಹಿಡಿತ ಸಿಗುತ್ತದೆ. "ಕೃಷಿ ಬಳಕೆಗೆ ಮಾತ್ರ" ಎಂಬ ಷರತ್ತನ್ನೂ ಗಮನಿಸಿ. ಮೆಕ್ಕೆಜೋಳಕ್ಕೆ ತೊಂದರೆಯಿಲ್ಲ, ಮರಳು, ಇಟ್ಟಿಗೆ ಹೇರಿದ್ದರೆ ಕಂಪನಿ ಮೊದಲು ಎತ್ತುವ ತಕರಾರೇ ಅದು.

ಟ್ರೇಲರ್ ಜೋಡಿಸಿದರೆ ಬೇರೆ ಲೈಸೆನ್ಸ್ ಬೇಕು ಎಂಬ ತಪ್ಪು ಮಾಹಿತಿ ಗುಂಪಿನಲ್ಲಿ ಓಡಾಡುತ್ತಿದೆ. ಖಾಲಿ ತೂಕ 7,500 ಕೆಜಿ ಮೀರದ ಟ್ರ್ಯಾಕ್ಟರ್ ಲಘು ಮೋಟಾರು ವಾಹನದ ವ್ಯಾಖ್ಯೆಯಲ್ಲೇ ಬರುತ್ತದೆ. ಟ್ರ್ಯಾಕ್ಟರ್ ಓಡಿಸುವ ಲೈಸೆನ್ಸ್ ಇದ್ದವನು ಟ್ರೇಲರ್ ಜೋಡಿಸಿದ ಮಾತ್ರಕ್ಕೆ ಅನರ್ಹನಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2001ರಲ್ಲೇ ಹೇಳಿದೆ. ಬರೀ ಬೈಕ್ ಲೈಸೆನ್ಸ್ ನಡೆಯುವುದಿಲ್ಲ. ಹುಡುಗನಿಗೆ ಲೈಸೆನ್ಸೇ ಇಲ್ಲದಿದ್ದರೆ, ನೀವು ತಿಳಿದೂ ಅಥವಾ ವಿಚಾರಿಸದೆ ಕೊಟ್ಟಿರೋ, ವಿಚಾರಿಸಿಯೇ ಕೊಟ್ಟಿರೋ ಎಂಬುದು ಮುಖ್ಯ. ಮಾಲೀಕನ ಕಡೆಯಿಂದಲೇ ಷರತ್ತು ಮುರಿದಿದೆ ಎಂದು ಕಂಪನಿ ಸಾಬೀತು ಮಾಡಬೇಕು. ಕೀಲಿ ಕೊಡುವ ಮುಂಚೆ ಲೈಸೆನ್ಸಿನ ಫೋಟೋ ವಾಟ್ಸಾಪ್‌ನಲ್ಲಿ ತರಿಸಿಕೊಂಡಿದ್ದರೆ, ದಿನಾಂಕ, ಸಮಯ ಸಮೇತ ಅದೇ ನಿಮ್ಮ ಸಾಕ್ಷಿ. ಹುಡುಗ 18 ತುಂಬದವನಾಗಿದ್ದರೆ ವಿಷಯವೇ ಬೇರೆ: ಮೋಟಾರು ವಾಹನ ಕಾಯ್ದೆಯ 199ಎ ಕಲಂ ಪ್ರಕಾರ ಮಾಲೀಕನಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, 12 ತಿಂಗಳು ನೋಂದಣಿ ರದ್ದು.

ಇದೇ ಪ್ರಶ್ನೆಗೆ ಗುಂಪಿನಲ್ಲಿ ಒಬ್ಬರು "ಲೈಸೆನ್ಸ್ ಇರುವ ಯಾರನ್ನಾದರೂ ಚಾಲಕ ಅಂತ ತೋರಿಸಿ" ಎಂದಿದ್ದಾರೆ. ದಯವಿಟ್ಟು ಬೇಡ. ಆಸ್ಪತ್ರೆಯ ಎಂಎಲ್‌ಸಿ ಪುಸ್ತಕದಲ್ಲಿ (ಪೊಲೀಸರಿಗೆ ತಿಳಿಸಬೇಕಾದ ಗಾಯದ ಪ್ರಕರಣಗಳ ದಾಖಲೆ) ಗಾಯಾಳು ಬಂದ ಹೊತ್ತಿಗೇ "ಇಂಥ ಗಾಡಿಯಿಂದ, ಇಂಥವರು ಓಡಿಸುವಾಗ" ಎಂದು ಬರೆದಿರುತ್ತಾರೆ. ಕಂಪನಿಯ ವಕೀಲರು ಮೊದಲು ತರಿಸುವುದೇ ಆ ಪುಟವನ್ನು. ಅದಕ್ಕೂ ಎಫ್‌ಐಆರ್‌ಗೂ ತಾಳೆಯಾಗದಿದ್ದರೆ ಗಾಯಾಳುವಿನ ಕ್ಲೇಮೂ ಬಿದ್ದುಹೋಗಬಹುದು, ಸುಳ್ಳು ಸಾಕ್ಷ್ಯದ ಕೇಸೂ ಬರಬಹುದು. "ಮನೆ ಮೆಟ್ಟಿಲಿಂದ ಬಿದ್ದರು" ಎಂದು ಬರೆಸುವುದೂ ಇಷ್ಟೇ ಕೆಟ್ಟದ್ದು.

ಈಗ ಆಗಬೇಕಾದ್ದು. ಠಾಣೆಗೆ ತಿಳಿಸಿ. ಕಂಪನಿಗೆ ಲಿಖಿತವಾಗಿ ತಿಳಿಸಿ ಸ್ವೀಕೃತಿ ಪಡೆಯಿರಿ. ನಿಯಮದಂತೆ ಪೊಲೀಸರು 48 ಗಂಟೆಯೊಳಗೆ ಪ್ರಥಮ ಅಪಘಾತ ವರದಿ, 90 ದಿನದೊಳಗೆ ವಿವರ ವರದಿ ಕ್ಲೇಮ್ಸ್ ಟ್ರಿಬ್ಯುನಲ್‌ಗೆ (ಅಪಘಾತ ಪರಿಹಾರದ ಕೇಸು ನಡೆಸುವ ನ್ಯಾಯಮಂಡಳಿ) ಸಲ್ಲಿಸಬೇಕು. ಅಪಘಾತ ರಸ್ತೆಯಲ್ಲಿ ಆಗಿದ್ದರೆ 2025ರ ನಗದುರಹಿತ ಚಿಕಿತ್ಸಾ ಯೋಜನೆಯಡಿ, ಗೊತ್ತುಪಡಿಸಿದ ಆಸ್ಪತ್ರೆಯಲ್ಲಿ, ಮೊದಲ 7 ದಿನಕ್ಕೆ 1.5 ಲಕ್ಷದವರೆಗೆ ಅವಕಾಶವಿದೆ. ತಡಮಾಡಿದರೆ ಆ 7 ದಿನ ಕಳೆದೇಹೋಗುತ್ತದೆ. ನೀವಾಗಿ ಆಸ್ಪತ್ರೆ ಖರ್ಚು ಕೊಡುವುದಾದರೆ ಕೈಯಲ್ಲಿ ಕೊಡಬೇಡಿ, ಖಾತೆಗೆ ಹಾಕಿ ಬಿಲ್ಲು ಇಟ್ಟುಕೊಳ್ಳಿ, ಮುಂದೆ ಪರಿಹಾರದಲ್ಲಿ ಕಳೆಯಲು ಕೇಳಬಹುದು.

ಊರ ಹಿರಿಯರ ಮುಂದೆ ರಾಜಿ ಪತ್ರ ಬರೆದರೆ ಮುಗಿಯಿತು ಎನ್ನುವವರಿಗೆ: ನಿರ್ಲಕ್ಷ್ಯದ ಚಾಲನೆಗೆ ಭಾರತೀಯ ನ್ಯಾಯ ಸಂಹಿತೆಯಲ್ಲಿರುವ 281ನೇ ಕಲಂ ರಾಜಿಯಾಗುವ ಪಟ್ಟಿಯಲ್ಲೇ ಇಲ್ಲ. ಛಾಪಾ ಕಾಗದಕ್ಕೆ ಸಹಿ ಹಾಕಿದವರು ಟ್ರಿಬ್ಯುನಲ್‌ಗೆ ಅರ್ಜಿ ಹಾಕುವುದನ್ನು ಆ ಕಾಗದ ತಡೆಯುತ್ತದೆ ಎಂದೂ ನೆಚ್ಚಿಕೊಳ್ಳಬೇಡಿ. ರಾಜಿ ಬೇಕಿದ್ದರೆ ಅರ್ಜಿ ಹಾಕಿಸಿ ಲೋಕ ಅದಾಲತ್‌ನಲ್ಲಿ ಮಾಡಿಕೊಳ್ಳಿ, ಅದಕ್ಕೆ ಡಿಕ್ರಿಯ (ಕೋರ್ಟ್ ತೀರ್ಪಿನ) ಬಲವಿದೆ.

ಗಾಯಾಳುವಿಗೆ ಎರಡು ದಾರಿಯಿದೆ: ಕೆಲಸಕ್ಕೆ ಕರೆದ ಪಕ್ಕದ ಹೊಲದವರ ಮೇಲೆ ನೌಕರರ ಪರಿಹಾರದ ಕ್ಲೇಮು, ಇಲ್ಲವೇ ಮೋಟಾರು ವಾಹನ ಕಾಯ್ದೆಯಡಿ ಅರ್ಜಿ. ಮೋಟಾರು ವಾಹನ ಕಾಯ್ದೆಯ 167ನೇ ಕಲಂ ಪ್ರಕಾರ ಎರಡನ್ನೂ ಪಡೆಯುವಂತಿಲ್ಲ. ಎರಡನೆಯದಕ್ಕೆ 166(3)ರಲ್ಲಿ ಅಪಘಾತದ ದಿನದಿಂದ 6 ತಿಂಗಳ ಗಡುವಿದೆ. ಆ ಗಡುವನ್ನು ಪ್ರಶ್ನಿಸಿದ ಅರ್ಜಿ ಸುಪ್ರೀಂ ಕೋರ್ಟ್‌ವರೆಗೆ ಹೋಗಿದೆ, ಆದರೂ ಅದನ್ನು ನಂಬಿ ಕೂರಬೇಡಿ.

ಕೊನೆಯಲ್ಲಿ ಇನ್ನೊಬ್ಬರು ಕೇಳಿದ್ದು: ಮಾರಿಬಿಟ್ಟ ಟ್ರ್ಯಾಕ್ಟರ್, ಆರ್‌ಸಿ ಇನ್ನೂ ತಮ್ಮ ಹೆಸರಲ್ಲೇ ಇದೆ. ಹೊಣೆ ಹೆಸರಿದ್ದವರದೇ, 2018ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿದೆ. ಮಾರಿದ 14 ದಿನದೊಳಗೆ ಆರ್‌ಟಿಒಗೆ ವರ್ಗಾವಣೆ ತಿಳಿಸಬೇಕಿತ್ತು. ನಾಳೆ ಬೆಳಗ್ಗೆಯೇ ಹೋಗಿ ಆ ಕೆಲಸ ಮುಗಿಸಿ.