ಪುಸ್ತಕಕ್ಕೆ ಟ್ಯಾಗ್ ಅಂಟಿಸುವ ಮುನ್ನ

ಪ್ರಶ್ನೆ: ನಮ್ಮ ಗ್ರಂಥಾಲಯದಲ್ಲಿ 8,000 ಕನ್ನಡ, ಮಲಯಾಳ ಪುಸ್ತಕಗಳಿವೆ. ಗ್ರಂಥಾಲಯ ನಿರ್ವಹಣೆಯ ಕೋಹಾ ತಂತ್ರಾಂಶವಿದೆ, ಬಾರ್‌ಕೋಡ್ ಇದೆ. ಆರ್‌ಎಫ್‌ಐಡಿ (ರೇಡಿಯೊ ಅಲೆಯಿಂದ ಓದಿಸುವ ಟ್ಯಾಗ್) ಹಾಕಿಸಿದರೆ ಕಳವು ನಿಂತೀತೇ? ಟ್ಯಾಗ್ ಎಲ್ಲಿ ಅಂಟಿಸಬೇಕು?
— ಗ್ರಂಥಪಾಲಕರು, ಬದಿಯಡ್ಕ

ಉತ್ತರ: ಕಳವೊಂದೇ ಚಿಂತೆಯಾದರೆ ಬೇಡ. ಅಲ್ಯೂಮಿನಿಯಂ ಹಾಳೆ ಸುತ್ತಿದ ಪುಸ್ತಕ ಬಾಗಿಲಲ್ಲಿ ಟ್ಯಾಗ್ ಪತ್ತೆಹಚ್ಚುವ ಗೇಟಿಗೆ ಗೊತ್ತೇ ಆಗದು. ನಿಜವಾದ ಲಾಭ ಸ್ಟಾಕ್ ತಪಾಸಣೆಯಲ್ಲಿ: ಕಪಾಟಿನ ಉದ್ದಕ್ಕೂ ಕೈರೀಡರ್ ಆಡಿಸಿದರೆ ತಪ್ಪು ಸಾಲಿಗೆ ಸೇರಿದ ಪುಸ್ತಕವೂ ಸಿಗುತ್ತದೆ.

ಕೊಳ್ಳುವಾಗ 13.56 ಮೆಗಾಹರ್ಟ್ಸ್‌ನ ಐಎಸ್‌ಒ 15693 (ಅಂತರರಾಷ್ಟ್ರೀಯ ಮಾನಕ) ಟ್ಯಾಗ್ ಕೇಳಿ. ಟ್ಯಾಗಿನೊಳಗಿನ ಮಾಹಿತಿಯನ್ನು ಗ್ರಂಥಾಲಯಗಳ ಮಾನಕವಾದ ಐಎಸ್‌ಒ 28560 ಪ್ರಕಾರವೇ ಬರೆಯಬೇಕೆಂದು ಖರೀದಿ ಆದೇಶದಲ್ಲಿ ನಮೂದಿಸಿ. ಮಾರಾಟಗಾರರು ತಮ್ಮದೇ ಗುಪ್ತ ಮಾದರಿಯಲ್ಲಿ ಬರೆದುಕೊಟ್ಟರೆ, ಮುಂದೆ ಕಂಪನಿ ಬದಲಿಸಿದಾಗ 8,000 ಪುಸ್ತಕವನ್ನೂ ಮತ್ತೆ ಕೆಳಗಿಳಿಸಬೇಕಾದೀತು.

ಅಂಟಿಸುವ ಜಾಗ ಹಿಂದಿನ ರಟ್ಟಿನ ಒಳಮೈ, ಬೆನ್ನಿನ ಹತ್ತಿರ. ಎತ್ತರ ಮಾತ್ರ ಬದಲಾಗುತ್ತಿರಲಿ: ಒಂದಕ್ಕೆ ಕೆಳಗೆ, ಮುಂದಿನದಕ್ಕೆ ನಡುವೆ, ಅದರಾಚೆಯದಕ್ಕೆ ಮೇಲೆ. ತೆಳು ಕವನ ಸಂಕಲನಗಳ ಟ್ಯಾಗ್‌ಗಳು ಒಂದಕ್ಕೊಂದು ನೇರ ಕೂತರೆ ಆಂಟೆನಾಗಳ ಶ್ರುತಿ ತಪ್ಪಿ ರೀಡರ್ ಕೆಲವನ್ನು ಬಿಟ್ಟುಬಿಡುತ್ತದೆ. ಕಬ್ಬಿಣದ ಕಪಾಟಿನ ಪಕ್ಕದ ತಗಡಿಗೆ ಒತ್ತಿ ನಿಂತ ಪುಸ್ತಕದ ಗತಿಯೂ ಅಷ್ಟೇ. ನಡುವೆ ಮರದ ತುಂಡೊಂದನ್ನು ಇಡಿ. ಆಮ್ಲರಹಿತ ಅಂಟಿನ ಟ್ಯಾಗ್ ಬೇಕು. ನಮ್ಮ ಕಡೆ ಆಟಿಯಲ್ಲಂತೂ (ಜುಲೈ-ಆಗಸ್ಟ್‌ನ ಮಳೆಯ ತಿಂಗಳು) ಈ ಕೆಲಸಕ್ಕೆ ಕೈಹಾಕಬೇಡಿ: ತೇವ ಕುಡಿದ ರಟ್ಟಿಗೆ ಅಂಟು ಹಿಡಿಯದೆ ಅಂಚು ಏಳುತ್ತದೆ, ಎದ್ದ ಅಂಚನ್ನು ಮಕ್ಕಳು ಕೀಳದೆ ಬಿಡುವುದಿಲ್ಲ. ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ.

ಟ್ಯಾಗಿಗೆ ಮಾಹಿತಿ ಬರೆಯುವಾಗ ರೀಡರಿನ ಮೇಲೆ ಒಂದೇ ಪುಸ್ತಕವಿರಲಿ, ಉಳಿದವು ಮೇಜಿನಿಂದಲೇ ದೂರ ಇರಲಿ. ಬಾರ್‌ಕೋಡ್ ಸ್ಕ್ಯಾನ್ ಮಾಡಿ, ಕೋಹಾದಲ್ಲಿ ಶೀರ್ಷಿಕೆ ತಾಳೆ ನೋಡಿ, ಬರೆದು, ಮತ್ತೊಮ್ಮೆ ಓದಿಸಿ, ಆಮೇಲೆ ಬರೆದ ಸಂಖ್ಯೆಯನ್ನು ಮತ್ತೆ ಬದಲಾಗದಂತೆ ಲಾಕ್ ಮಾಡಿ. ಪುಸ್ತಕ ಎರವಲು ಹೋಗಿದೆಯೇ ಎಂದು ಗೇಟಿಗೆ ತಿಳಿಸುವ ಎಎಫ್‌ಐ ಬೈಟನ್ನು ಮಾತ್ರ ಲಾಕ್ ಮಾಡಬಾರದು. ಪುಸ್ತಕ ಒಳಗಿರುವಾಗ ಅದು 07, ಎರವಲು ಹೋದಾಗ ಸಿ2. ಕೋಹಾದಲ್ಲಿ ಎರವಲು ದಾಖಲಾಗಿ, ಬೈಟ್ ಬದಲಾಗುವ ಮೊದಲೇ ಪುಸ್ತಕ ಎತ್ತಿಕೊಂಡರೆ ಪಾಪದ ಓದುಗರ ಮುಂದೆ ಗೇಟ್ ಕೂಗುತ್ತದೆ. ಹೀಗಾದಾಗ ಮೊದಲು ಟ್ಯಾಗ್ ಓದಿಸಿ ನೋಡಿ, ಓದುಗರ ಚೀಲವನ್ನಲ್ಲ.

ಪ್ರಶ್ನೆ: ನಾನು ಯಾವ ಪುಸ್ತಕ ಒಯ್ಯುತ್ತಿದ್ದೇನೆಂದು ಬಸ್ಸಿನಲ್ಲಿ ಯಾರಾದರೂ ತಿಳಿಯಬಹುದೇ?
— ಓದುಗರು, ಮಂಜೇಶ್ವರ

ಉತ್ತರ: ದೂರದಿಂದ ಕಷ್ಟ. ಟ್ಯಾಗಿಗೆ ಬ್ಯಾಟರಿಯಿಲ್ಲ, ರೀಡರ್ ಕೊಟ್ಟ ಶಕ್ತಿಯಷ್ಟೇ. ಆದರೆ ಎನ್‌ಎಫ್‌ಸಿ (ಹತ್ತಿರದ ಟ್ಯಾಗ್ ಓದುವ ಸೌಲಭ್ಯ) ಇರುವ ಮೊಬೈಲನ್ನು ಕೆಲವು ಸೆಂಟಿಮೀಟರ್ ಹತ್ತಿರ ಹಿಡಿದರೆ ಒಳಗಿನದನ್ನು ಓದಬಹುದು. ಆದ್ದರಿಂದ ಅದರಲ್ಲಿ ಅಕ್ಸೆಷನ್ ನಂಬರ್ (ಪ್ರತಿ ಪುಸ್ತಕಕ್ಕೆ ಗ್ರಂಥಾಲಯ ಕೊಟ್ಟ ಸಂಖ್ಯೆ), ಗ್ರಂಥಾಲಯದ ಸಂಕೇತ ಬಿಟ್ಟು ಶೀರ್ಷಿಕೆಯಾಗಲಿ ಓದುಗರ ಹೆಸರಾಗಲಿ ಇರಕೂಡದು. ಅದೇ ಮೊಬೈಲಿನಿಂದ ಎಎಫ್‌ಐ ಬದಲಿಸಿ ಗೇಟನ್ನೂ ವಂಚಿಸಬಹುದು. ಪಾಸ್‌ವರ್ಡ್ ಸೌಲಭ್ಯವಿರುವ ಚಿಪ್ ಕೊಂಡು, ಕಾರ್ಖಾನೆಯಿಂದ ಬಂದ ಪಾಸ್‌ವರ್ಡನ್ನು ಮೊದಲ ದಿನವೇ ಬದಲಿಸುವಂತೆ ನಿಮ್ಮ ಗ್ರಂಥಪಾಲಕರಿಗೆ ಹೇಳಿ.