ಓದುಗರ ಪ್ರಶ್ನೆ: ಸನ್‌ಬೆಡ್ ಅಂಗಡಿಯ ಕೌಂಟರಿನಿಂದ

ಕಳೆದ ಸಂಚಿಕೆಯಲ್ಲಿ ಇಂಗ್ಲೆಂಡಿನ ಸನ್‌ಬೆಡ್ ಅಂಗಡಿಗಳ ಬಗ್ಗೆ ನಾಲ್ಕೇ ಸಾಲು ಬರೆದಿದ್ದೆ. ಅದಕ್ಕೆ ಇಷ್ಟೊಂದು ಪತ್ರ ಬರುತ್ತವೆ ಅಂತ ಅಂದುಕೊಂಡಿರಲಿಲ್ಲ. ಊರಲ್ಲಿ ಕೂತು ಓದುವವರಿಗೆ ಮೊದಲು ಒಂದು ಮಾತು. ಸನ್‌ಬೆಡ್ ಅಂದರೆ ಕೆಳಗೂ ಮೇಲೂ ಟ್ಯೂಬ್‌ಲೈಟ್ ಸಾಲಾಗಿ ಜೋಡಿಸಿರುವ, ಮುಚ್ಚಳ ಇರುವ ಮಂಚ. ಬಿಸಿಲು ಕಡಿಮೆ ಇರುವ ಊರಿನ ಬಿಳಿ ಜನ ದುಡ್ಡು ಕೊಟ್ಟು ಅದರೊಳಗೆ ಮಲಗಿ ಮೈ ಕಂದು ಮಾಡಿಕೊಳ್ಳುತ್ತಾರೆ. ಆ ಟ್ಯೂಬುಗಳಿಂದ ಬರುವುದು ಅಲ್ಟ್ರಾವೈಲೆಟ್ ಕಿರಣ, ಚಿಕ್ಕದಾಗಿ ಯುವಿ. ನಾನು ಇಲ್ಲಿನ ಒಂದು ಕೌನ್ಸಿಲ್‌ನ, ಅಂದರೆ ನಮ್ಮ ನಗರಸಭೆಯಂಥ ಸ್ಥಳೀಯ ಆಡಳಿತದ, ಆರೋಗ್ಯ ವಿಭಾಗದಲ್ಲಿ ಕೆಲಸ ಮಾಡಿದವಳು. ಇಂಥ ಅಂಗಡಿಗಳ ತಪಾಸಣೆಯೂ ನನ್ನ ಕೆಲಸವಾಗಿತ್ತು. ಹಾಗಾಗಿ ಕಣ್ಣಾರೆ ನೋಡಿದ್ದನ್ನೇ ಜಾಸ್ತಿ ಬರೆಯುತ್ತೇನೆ.

ಪ್ರಶ್ನೆ: ಅಕ್ಕ, ನಾನು ದಾವಣಗೆರೆ ಕಡೆಯವನು, ಮ್ಯಾಂಚೆಸ್ಟರ್‌ನಲ್ಲಿ ಓದುತ್ತಿದ್ದೇನೆ. ವಾರಕ್ಕೆ 20 ಗಂಟೆ ಕೆಲಸ ಮಾಡಲು ವೀಸಾದಲ್ಲಿ ಅವಕಾಶ ಇದೆ, ಒಂದು ಟ್ಯಾನಿಂಗ್ ಸಲೂನ್‌ನಲ್ಲಿ ಕೌಂಟರ್ ಕೆಲಸ ಸಿಕ್ಕಿದೆ. "ದಿನಾ ಬರುವವರ ಹತ್ತಿರ ಐಡಿ ಕೇಳಬೇಡ, ಪಕ್ಕದ ಅಂಗಡಿಗೆ ಹೋಗುತ್ತಾರೆ" ಅಂತಾರೆ ಓನರ್. ನಾನು ಏನು ಮಾಡಲಿ?

ಕೇಳಲೇಬೇಕು ತಮ್ಮಾ. ಇದರಲ್ಲಿ ಎರಡನೇ ಮಾತಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2010ರ ಸನ್‌ಬೆಡ್ಸ್ ಕಾಯ್ದೆ ಇದೆ, ಜಾರಿಗೆ ಬಂದದ್ದು 2011ರ ಏಪ್ರಿಲ್ 8ರಂದು. 18 ತುಂಬದವರಿಗೆ ಸನ್‌ಬೆಡ್ ಕೊಡುವುದು ಅಪರಾಧ. ಕೊಡುವುದಿರಲಿ, "ಬಾ, ಮಲಗು" ಅಂತ ಕರೆಯುವುದೂ ಅಪರಾಧ, ಗಿರಾಕಿಯಾಗಿ ಬಂದ ಹುಡುಗಿಯನ್ನು ಮಂಚ ಇರುವ ಆ ಕೋಣೆಯೊಳಗೆ ಬಿಡುವುದೂ ಅಪರಾಧ. ಅಮ್ಮ ಮಲಗುತ್ತಾಳೆ, ಮಗಳು ಸುಮ್ನೆ ಪಕ್ಕದಲ್ಲಿ ಕೂತಿರುತ್ತಾಳೆ ಅಂದರೂ ಬಿಡುವಂತಿಲ್ಲ. ಕಾಯ್ದೆ ಬಂದಾಗ ಇದಕ್ಕೆ ಇಟ್ಟ ದಂಡ 20,000 ಪೌಂಡ್‌ವರೆಗೆ. ಈ ಹೊಣೆಯನ್ನು ಕಾಯ್ದೆ ಹಾಕಿರುವುದು ವ್ಯಾಪಾರ ನಡೆಸುವವರ ಮೇಲೆ, ಅಂದರೆ ನಿಮ್ಮ ಓನರ್ ಮೇಲೆ. ಇದನ್ನು ಅವರಿಗೆ ನೆನಪು ಮಾಡಿ. ಅವರ ಜೇಬಿನ ಮಾತು ಅವರಿಗೆ ಬೇಗ ಅರ್ಥವಾಗುತ್ತದೆ.

ಈ ಕಾಯ್ದೆ ಯಾಕೆ ಬಂತು ಗೊತ್ತಾ? ಆಗೆಲ್ಲ ನಾಣ್ಯ ಹಾಕಿದರೆ ಹೊತ್ತಿಕೊಳ್ಳುವ ಸನ್‌ಬೆಡ್ ಅಂಗಡಿಗಳಿದ್ದವು, ಒಳಗೆ ಒಬ್ಬ ಆಳೂ ಇರುತ್ತಿರಲಿಲ್ಲ. 2009ರಲ್ಲಿ ವೇಲ್ಸ್‌ನ ಬ್ಯಾರಿ ಅನ್ನುವ ಊರಿನಲ್ಲಿ 14 ವರ್ಷದ ಹುಡುಗಿಯೊಬ್ಬಳು ಅಂಥ ಅಂಗಡಿಗೆ ಹೋಗಿ ಮೈಯೆಲ್ಲ ಸುಟ್ಟುಕೊಂಡು ಆಸ್ಪತ್ರೆ ಸೇರಿದಳು. ಕಾರ್ಡಿಫ್‌ನ ಸಂಸದೆ ಜೂಲಿ ಮಾರ್ಗನ್ ಪಾರ್ಲಿಮೆಂಟಿನಲ್ಲಿ ಮಸೂದೆ ತಂದು ಪಾಸ್ ಮಾಡಿಸಿದರು. ವೇಲ್ಸ್ 2011ರ ಅಕ್ಟೋಬರ್‌ನಿಂದ ಆಳಿಲ್ಲದ ಅಂಗಡಿಯನ್ನೇ ನಿಲ್ಲಿಸಿತು. ಅಲ್ಲಿ ಅಂಗಡಿಯಲ್ಲಿ ಒಬ್ಬರು ಇರಲೇಬೇಕು, ಕಣ್ಣಿಗೆ ಕನ್ನಡಕ ಕೊಡಲೇಬೇಕು.

ಅಲ್ಲಿಗೆ ಯೋಚನೆ ಮಾಡಿ, ವೇಲ್ಸ್‌ನ ಕಾನೂನು ಬೇಕು ಅಂದದ್ದೇ ಕೌಂಟರಿನಲ್ಲಿ ನಿಂತಿರುವ ಒಬ್ಬ ಮನುಷ್ಯನನ್ನು. ಇವತ್ತು ಆ ಮನುಷ್ಯ ನೀವು. ನೋಡಿದರೆ 25ಕ್ಕಿಂತ ಚಿಕ್ಕವರು ಅನ್ನಿಸಿದವರ ಹತ್ತಿರ ಪಾಸ್‌ಪೋರ್ಟ್ ಅಥವಾ ಡ್ರೈವಿಂಗ್ ಲೈಸೆನ್ಸ್ ಕೇಳಿ, ದಿನಾ ಬರುವವರಾದರೂ ಒಂದು ಸಲ ನೋಡಿ ರಿಜಿಸ್ಟರಿನಲ್ಲಿ ಬರೆದುಕೊಳ್ಳಿ, ಆಮೇಲೆ ಅವರನ್ನು ಪದೇ ಪದೇ ಕಾಡಬೇಕಿಲ್ಲ. ಓನರ್ ಜಗ್ಗದಿದ್ದರೆ ಕೌನ್ಸಿಲ್‌ಗೆ ಹೆಸರು ಹೇಳದೆಯೂ ತಿಳಿಸಬಹುದು. ಕೆಲಸ ಹೋದೀತು ಅನ್ನುವ ಭಯ ನನಗೆ ಅರ್ಥವಾಗುತ್ತದೆ, ಫೀಸು, ಬಾಡಿಗೆ ಎಲ್ಲ ಇರುತ್ತದೆ. ಆದರೂ ಒಂದು ಮಗುವನ್ನು ಆ ಪೆಟ್ಟಿಗೆಯೊಳಗೆ ಕಳಿಸಿ ಬರುವ ಸಂಬಳ ನಿಮಗೆ ಬೇಡ.

ಪ್ರಶ್ನೆ: ಮೇಡಂ, ನಾವು ಗಂಡ ಹೆಂಡತಿ ಲೆಸ್ಟರ್‌ನಲ್ಲಿ ಒಂದು ಬ್ಯೂಟಿ ಪಾರ್ಲರ್ ಕೊಳ್ಳುತ್ತಿದ್ದೇವೆ. ಅದರ ಜೊತೆಗೆ ಎರಡು ಸನ್‌ಬೆಡ್ ಬರುತ್ತವೆ. ಮಾರುವವರು "ಮೆಷಿನ್ ಚೆನ್ನಾಗಿ ಓಡ್ತಿದೆ" ಅಂತಾರೆ. ಏನೇನು ನೋಡಬೇಕು?

ನನ್ನನ್ನು ಕೇಳಿದರೆ ಆ ಎರಡು ಮಂಚ ಬಿಟ್ಟು ಉಳಿದದ್ದನ್ನು ಮಾತ್ರ ಕೊಳ್ಳಿ ಅನ್ನುತ್ತೇನೆ. ಥ್ರೆಡಿಂಗ್, ಫೇಶಿಯಲ್‌ನಲ್ಲೇ ಮನೆ ನಡೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಐಎಆರ್‌ಸಿ 2009ರಲ್ಲಿ ಸನ್‌ಬೆಡ್ಡನ್ನು ಮೊದಲನೇ ಗುಂಪಿಗೆ ಸೇರಿಸಿತು, ಅಂದರೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಅಂತ ಖಚಿತವಾದವುಗಳ ಸಾಲಿಗೆ. ತಂಬಾಕು ಇರುವುದೂ ಅದೇ ಗುಂಪಿನಲ್ಲಿ. 30 ತುಂಬುವ ಮುಂಚೆಯೇ ಬಳಸಲು ಶುರು ಮಾಡಿದವರಲ್ಲಿ ಮೆಲನೋಮ ಅನ್ನುವ ಚರ್ಮದ ಕ್ಯಾನ್ಸರಿನ ಅಪಾಯ 75% ಹೆಚ್ಚು ಅಂತ ಆಗ ಲೆಕ್ಕ ಹೇಳಿದ್ದರು. ನಿಯಮ ಎಷ್ಟೇ ಪಾಲಿಸಿದರೂ ಈ ಅಪಾಯ ಕಡಿಮೆಯಾದೀತೇ ಹೊರತು ಇಲ್ಲದಂತಾಗುವುದಿಲ್ಲ. ಇದನ್ನು ಮುಚ್ಚಿಟ್ಟು ನಿಮಗೆ ಬರೀ ನಿಯಮ ಹೇಳಲು ನನಗೆ ಮನಸ್ಸಾಗುವುದಿಲ್ಲ.

ಆದರೂ ಕೊಳ್ಳುತ್ತೀರಾ? ಹಾಗಾದರೆ ಮೊದಲು ಯಂತ್ರದ ಶಕ್ತಿ ಅಳೆಸಿ. ಯುರೋಪಿನ ಮಾನದಂಡದ ಪ್ರಕಾರ ಚರ್ಮ ಕೆಂಪಾಗಿಸುವ ಯುವಿಯ ಲೆಕ್ಕದಲ್ಲಿ ಚದರ ಮೀಟರಿಗೆ 0.3 ವ್ಯಾಟ್ ದಾಟಬಾರದು. ಬಿಸಿಲಿನ ಯುವಿ ಎಷ್ಟು ಜೋರು ಅಂತ ಹೇಳುವ ಯುವಿ ಸೂಚ್ಯಂಕದಲ್ಲಿ ಇದು 12ಕ್ಕೆ ಸಮ. ನಮ್ಮ ಊರಿನ ಏಪ್ರಿಲ್ ಮಧ್ಯಾಹ್ನ, ತಾರಸಿ ಮೇಲೆ ಹಪ್ಪಳ ಹಾಕಿ ಕಾಲು ಸುಡುತ್ತದೆ ಅಂತ ಓಡಿ ಬರುತ್ತೇವಲ್ಲ, ಹೆಚ್ಚುಕಮ್ಮಿ ಆ ಬಿಸಿಲು. ಹೆಚ್ಚೆಂದರೆ ಇಷ್ಟು ಅಂತ ಇಟ್ಟಿರುವ ಮಿತಿಯೇ ಅದು! ಇನ್ನು ನಿಜವಾಗಿ ಅಂಗಡಿಗಳಲ್ಲಿ ಏನಿದೆ ಅಂತ ಸ್ಕಾಟ್ಲೆಂಡಿನ ಡಂಡೀ ಊರಿನ ತಜ್ಞರು ಇಂಗ್ಲೆಂಡಿನ 402 ಸನ್‌ಬೆಡ್‌ಗಳನ್ನು ಅಳೆದು 2013ರಲ್ಲಿ ಪ್ರಕಟಿಸಿದರು. ಹತ್ತರಲ್ಲಿ ಒಂಬತ್ತು ಮಿತಿ ಮೀರಿದ್ದವು, ಸರಾಸರಿಯೇ 0.56 ಇತ್ತು. ಹಾಗಾಗಿ "ಚೆನ್ನಾಗಿ ಓಡ್ತಿದೆ" ಅನ್ನುವ ಮಾತಿಗೆ ಬೆಲೆ ಇಲ್ಲ. ಅಳತೆಯ ಕಾಗದ ತೋರಿಸಲಿ.

ಟ್ಯೂಬ್ ಬದಲಿಸುವಾಗ ಅಗ್ಗಕ್ಕೆ ಸಿಕ್ಕಿತು ಅಂತ ಬೇರೆ ನಮೂನೆಯದು ಹಾಕಬೇಡಿ, ಯಂತ್ರದ ಮೇಲೆ ಬರೆದಿರುವ ಕೋಡ್‌ನದ್ದೇ ಆಗಬೇಕು. ಹೊಸ ಟ್ಯೂಬ್ ಹಳೆಯದಕ್ಕಿಂತ ಜೋರಾಗಿ ಸುಡುತ್ತದೆ. ಅದು ಹಾಕಿದ ದಿನ ಎಲ್ಲರ ನಿಮಿಷ ಇಳಿಸಬೇಕು, ದಿನಾ ಬರುವ ಗಿರಾಕಿಗೂ "ಇವತ್ತು ಹೊಸ ಟ್ಯೂಬ್" ಅಂತ ಹೇಳಬೇಕು. ಇದನ್ನು ಮರೆತು ಸುಟ್ಟವರೇ ಜಾಸ್ತಿ. ಮಲಗಿದವರ ಕೈಗೆ ಎಟುಕುವಂತೆ ನಿಲ್ಲಿಸುವ ಗುಂಡಿ ಇರಬೇಕು, ಅದು ಕೆಲಸ ಮಾಡುತ್ತದಾ ಅಂತ ದಿನಾ ಬೆಳಗ್ಗೆ ಒತ್ತಿ ನೋಡಿ. ಟೈಮರನ್ನು ಕಣ್ಣು ಮುಚ್ಚಿ ನಂಬಬೇಡಿ. ಒಂದು ಅಂಗಡಿಯಲ್ಲಿ ನಾನು 6 ನಿಮಿಷಕ್ಕೆ ಇಡಿಸಿ, ಬಾಗಿಲ ಹೊರಗೆ ಫೋನಿನ ಸ್ಟಾಪ್‌ವಾಚ್ ಹಿಡಿದು ನಿಂತೆ. 6 ಆಯಿತು, 7 ಆಯಿತು, ಫ್ಯಾನಿನ ಸದ್ದು ನಿಲ್ಲಲಿಲ್ಲ, ಬಾಗಿಲ ಸಂದಿನ ನೀಲಿ ಬೆಳಕೂ ಹೋಗಲಿಲ್ಲ. 8 ದಾಟಿದ ಮೇಲೆ ನಾನೇ ಒಳಗೆ ಹೋಗಿ ಆರಿಸಿದೆ. ಅಷ್ಟು ದಿನದಿಂದ ಅಲ್ಲಿ ಮಲಗಿದವರೆಲ್ಲ 6 ನಿಮಿಷ ಅಂತಲೇ ಅಂದುಕೊಂಡಿದ್ದರು.

ಇನ್ನು ಕನ್ನಡಕ. ಬೇರೊಂದು ಕಡೆ ಕೌಂಟರಿನ ಮೇಲೆ ಪ್ಲಾಸ್ಟಿಕ್ ಬೋಗುಣಿಯಲ್ಲಿ ಪುಟ್ಟ ಪುಟ್ಟ ಕನ್ನಡಕಗಳು. ಒಂದನ್ನು ಎತ್ತಿದೆ, ಎಲಾಸ್ಟಿಕ್ ಹರಿದು ಗಂಟು ಹಾಕಿದ್ದರು, ಒಂದು ಗಾಜಿಗೆ ಕೂದಲೆಳೆಯಷ್ಟು ಬಿರುಕು, ಅಂಚಿಗೆ ಯಾರದೋ ಮಸ್ಕಾರದ ಕಪ್ಪು ಮೆತ್ತಿಕೊಂಡಿತ್ತು. ಯಾವಾಗ ತೊಳೆದದ್ದಮ್ಮ ಅಂದರೆ ಆ ಹುಡುಗಿ ತನ್ನ ಟೀ ಶರ್ಟಿಗೆ ಒರೆಸಿ ತೋರಿಸಿದಳು. ಕಣ್ಣು ಮುಚ್ಚಿದರೆ ಸಾಕು ಅಂತ ಬಹಳ ಜನ ತಿಳಿದಿದ್ದಾರೆ. ಸಾಲದು, ರೆಪ್ಪೆ ತೆಳು, ಯುವಿಯನ್ನು ಪೂರ್ತಿ ತಡೆಯುವುದಿಲ್ಲ. ಹೊರಗೆ ಹಾಕುವ ಕೂಲಿಂಗ್ ಗ್ಲಾಸೂ ಆಗದು, ಪಕ್ಕದಿಂದ ಬೆಳಕು ನುಗ್ಗುತ್ತದೆ. ಪ್ರತಿ ಗಿರಾಕಿಗೂ ಸೋಂಕುನಾಶಕದಲ್ಲಿ ತೊಳೆದ, ಬಿರುಕಿಲ್ಲದ ಜೊತೆ ಕೊಡಿ. ಮಂಚದ ಅಕ್ರಿಲಿಕ್ ಹಾಳೆಯನ್ನೂ ಪ್ರತಿಯೊಬ್ಬರು ಎದ್ದ ಮೇಲೆ ಒರೆಸಬೇಕು, ಬೆವರಿರುತ್ತದೆ.

ಉಳಿದದ್ದು ಚುಟುಕಾಗಿ: ಕರೆಂಟ್ ಕೆಲಸ ಅರ್ಹ ಎಲೆಕ್ಟ್ರಿಶಿಯನ್‌ನಿಂದಲೇ ಆಗಲಿ, ಕೋಣೆಗೆ ಗಾಳಿ ಆಡಲಿ, ಒಬ್ಬರಿಗೆ ಒಂದೇ ದಿನ ಎರಡು ಸಲ ಬೇಡವೇ ಬೇಡ. ಮುಂದೆ ಲಂಡನ್ ಕಡೆ ಅಂಗಡಿ ಹಾಕುವ ಯೋಚನೆ ಇದ್ದರೆ ಅಲ್ಲಿ ಹೆಚ್ಚಿನ ಕಡೆ ಆಯಾ ಪ್ರದೇಶದ ಕೌನ್ಸಿಲ್‌ನಿಂದ ಲೈಸೆನ್ಸ್ ಪಡೆಯಬೇಕಾಗುತ್ತದೆ, ಮೊದಲೇ ವಿಚಾರಿಸಿ.

ಪ್ರಶ್ನೆ: ನಮ್ಮ ಮಗಳು ಕಾರ್ಡಿಫ್‌ನಲ್ಲಿದ್ದಾಳೆ, ಕೈ ಮೇಲೆ ತೊನ್ನು ಇದೆ. ಅಲ್ಲಿ ಚರ್ಮದ ಡಾಕ್ಟರಿಗೆ ತುಂಬ ದಿನ ಕಾಯಬೇಕಂತೆ. ಸನ್‌ಬೆಡ್ ಅಂಗಡಿಯವರು ನಮ್ಮಲ್ಲೂ ಅದೇ ಲೈಟು ಅಂದರಂತೆ. ನಾನು ಇಲ್ಲಿಂದ ಬಾವಂಚಿ ಎಣ್ಣೆ ಕಳಿಸಿದ್ದೇನೆ, ಹಚ್ಚಿಕೊಂಡು ಹೋಗಬಹುದಾ? (ಶಿವಮೊಗ್ಗದಿಂದ ಒಬ್ಬ ತಾಯಿ)

ಬೇಡಮ್ಮ, ದಯವಿಟ್ಟು ಇವತ್ತೇ ಫೋನ್ ಮಾಡಿ ಬೇಡ ಅನ್ನಿ. ಬಾವಂಚಿ ಬೀಜದಲ್ಲಿ ಸೊರಾಲೆನ್ ಅನ್ನುವ ಅಂಶ ಇದೆ. ಅದು ಚರ್ಮವನ್ನು ಯುವಿ-ಎ ಅನ್ನುವ ಬಗೆಯ ಯುವಿ ಕಿರಣಕ್ಕೆ ವಿಪರೀತ ಸೂಕ್ಷ್ಮ ಮಾಡುತ್ತದೆ. ಸನ್‌ಬೆಡ್ಡಿನಿಂದ ಬರುವುದರಲ್ಲಿ ಹೆಚ್ಚಿನ ಪಾಲು ಅದೇ ಯುವಿ-ಎ. ಎರಡೂ ಸೇರಿದರೆ ಬೊಬ್ಬೆ ಏಳುವಷ್ಟು ಸುಡಬಹುದು. ಆಸ್ಪತ್ರೆಯಲ್ಲಿ ಸೊರಾಲೆನ್ ಕೊಟ್ಟು ಯುವಿ-ಎ ಹಾಕುವ ಚಿಕಿತ್ಸೆ ಇದೆ ನಿಜ, ಆದರೆ ಅಲ್ಲಿ ಡಾಕ್ಟರು ಅಳೆದು ಕೊಡುತ್ತಾರೆ, ಪ್ರತಿ ಸಲದ ಲೆಕ್ಕ ಬರೆದಿಡುತ್ತಾರೆ.

ಅದೇ ಲೈಟು ಅನ್ನುವುದೂ ತಪ್ಪು. ತೊನ್ನಿಗೆ ಈಗ ಹೆಚ್ಚಾಗಿ ಬಳಸುವುದು ಯುವಿ-ಬಿ ಅನ್ನುವ ಇನ್ನೊಂದು ಬಗೆಯ ಕಿರಣದ ಒಂದು ಕಿರಿದಾದ ಪಟ್ಟಿ ಮಾತ್ರ, 311ರಿಂದ 313 ನ್ಯಾನೋಮೀಟರ್ ತರಂಗಾಂತರದ್ದು. ನಮ್ಮ ಕಡೆ ದೊಡ್ಡ ಆಸ್ಪತ್ರೆಗಳ ಚರ್ಮ ವಿಭಾಗದಲ್ಲೂ ಇರುತ್ತದೆ. ಅಂಗಡಿಯ ಮಂಚದಲ್ಲಿ ಮಲಗಿದರೆ ಸುತ್ತಲಿನ ಚರ್ಮ ಇನ್ನೂ ಕಪ್ಪಾಗಿ, ಬಿಳಿ ಕಲೆ ಮೊದಲಿಗಿಂತ ಎದ್ದು ಕಾಣುತ್ತದೆ. ಪಾಪ, ಆ ಹುಡುಗಿಗೆ ಆಮೇಲೆ ಇನ್ನೂ ಸಂಕಟ. ಅಂಗಡಿ ನಡೆಸುವವರಿಗೂ ಇಲ್ಲೇ ಹೇಳಿಬಿಡುತ್ತೇನೆ: ಗಿರಾಕಿ ಯಾವ ಮಾತ್ರೆ, ಯಾವ ಎಣ್ಣೆ ಬಳಸುತ್ತಾರೆ ಅಂತ ಕೇಳದೆ ಒಳಗೆ ಬಿಡಬೇಡಿ. ಮೊಡವೆಗೆ ಕೊಡುವ ಡಾಕ್ಸಿಸೈಕ್ಲಿನ್, ಬಿ.ಪಿ.ಗೆ ಕೊಡುವ ಹೈಡ್ರೋಕ್ಲೋರೋಥಯಾಜೈಡ್, ಇವೂ ಚರ್ಮ ಬೇಗ ಸುಡುವಂತೆ ಮಾಡುತ್ತವೆ.

ಪ್ರಶ್ನೆ: ನಮ್ಮದು ಮೊದಲೇ ಕಂದು ಚರ್ಮ. ನಮಗೆ ಸನ್‌ಬೆಡ್‌ನಿಂದ ಏನೂ ಆಗಲ್ಲ ಅಲ್ವಾ?

ಚರ್ಮದ ಕ್ಯಾನ್ಸರ್ ಬಿಳಿಯರಿಗಿಂತ ನಮ್ಮಲ್ಲಿ ಕಡಿಮೆ ನಿಜ. ಕಣ್ಣಿಗೆ ಅಂಥ ರಿಯಾಯಿತಿ ಇಲ್ಲ. ಮುಖದಲ್ಲಿ ಬಂಗು ಇರುವವರಿಗೆ ಯುವಿ ಬಿದ್ದರೆ ಅದು ಇನ್ನೂ ಗಾಢವಾಗುತ್ತದೆ. ವಿಟಮಿನ್ ಡಿ ಬೇಕು ಅಂತ ಹೋಗುವವರೂ ಇದ್ದಾರೆ, ಅದಕ್ಕೆ ಮಾತ್ರೆ ಇದೆ.

ಪ್ರಶ್ನೆ: ನಾನು ಮೆಲ್ಬರ್ನ್‌ನಲ್ಲಿದ್ದೇನೆ, ಇಲ್ಲಿ ಇಂಥ ಅಂಗಡಿಯೇ ಇಲ್ಲ. ನಿಯಮ ಮಾಡುವ ಬದಲು ಮುಚ್ಚಿಸಿದರೆ ಆಗದೇ?

ಮುಚ್ಚಿಸುವುದೇ ಸರಿ ಅನ್ನುವವಳು ನಾನು. ನಿಮ್ಮ ಊರಿನಲ್ಲೇ ಕ್ಲೇರ್ ಆಲಿವರ್ ಅನ್ನುವ ಹುಡುಗಿ ಇದ್ದಳು. ಸನ್‌ಬೆಡ್ ಬಳಸಿದ್ದ ಅವಳಿಗೆ ಮೆಲನೋಮ ಬಂತು. ಕೊನೆಯ ದಿನಗಳಲ್ಲೂ ಟಿವಿ, ಪತ್ರಿಕೆಗಳ ಮುಂದೆ ಬಂದು ಈ ಅಂಗಡಿಗಳ ವಿರುದ್ಧ ಮಾತಾಡಿದಳು. 2007ರಲ್ಲಿ ತೀರಿಕೊಂಡಾಗ ಅವಳಿಗೆ 26. ಆಮೇಲೆ ಮೆಲ್ಬರ್ನ್ ಇರುವ ವಿಕ್ಟೋರಿಯಾ ರಾಜ್ಯದಲ್ಲಿ ಮೊದಲು ನಿಯಮ ಬಿಗಿಯಾಯಿತು, 2014ರ ಕೊನೆಗೆ ನ್ಯೂ ಸೌತ್ ವೇಲ್ಸ್, ವಿಕ್ಟೋರಿಯಾ ಮುಂತಾದ ಕಡೆ ಅಂಗಡಿಗಳೇ ಬಂದ್ ಆದವು. ಬ್ರೆಜಿಲ್ 2009ರಲ್ಲೇ ನಿಲ್ಲಿಸಿತ್ತು. ಇಂಗ್ಲೆಂಡ್ ಅಷ್ಟು ದೂರ ಹೋಗಲಿಲ್ಲ, ಅದಕ್ಕೇ ನಾನು ಟೈಮರು, ಕನ್ನಡಕ ಅಂತ ಇಷ್ಟುದ್ದ ಬರೆಯಬೇಕಾಗಿದೆ.

ಪ್ರಶ್ನೆ: ನಮ್ಮ ಸಲೂನ್‌ನಲ್ಲಿ ಮಲಗಿ ಹೋದ ಗಿರಾಕಿ ಮರುದಿನ ಬೆಳಗ್ಗೆ ಮೈ ಉರಿ ಅಂತ ಫೋನ್ ಮಾಡಿದರು. ಹೊರಡುವಾಗ ಚೆನ್ನಾಗೇ ಇದ್ದರು. ನಮ್ಮ ತಪ್ಪು ಹೇಗಾಗುತ್ತದೆ?

ಯುವಿ ಸುಟ್ಟದ್ದು ಆಗಲೇ ಕಾಣುವುದಿಲ್ಲ, ಕೆಲವು ಗಂಟೆ ಆದ ಮೇಲೆ ಕೆಂಪಾಗಿ ಮರುದಿನಕ್ಕೆ ಜೋರಾಗುತ್ತದೆ. ಕಣ್ಣೂ ಹಾಗೆಯೇ, ರಾತ್ರಿ ಮರಳು ಬಿದ್ದಂತೆ ಚುಚ್ಚಲು ಶುರುವಾಗುತ್ತದೆ. ಹಾಗಾಗಿ ವಾದ ಮಾಡಬೇಡಿ. ತಣ್ಣೀರು ಬಟ್ಟೆ ಹಾಕಿಕೊಳ್ಳಲು ಹೇಳಿ, ಐಸ್ ಬೇಡ, ಟೂತ್‌ಪೇಸ್ಟ್ ಬೇಡ. ಬೊಬ್ಬೆ, ಜ್ವರ, ವಾಂತಿ, ಕಣ್ಣು ನೋವು ಯಾವುದಿದ್ದರೂ ಇಲ್ಲಿನ ಸರ್ಕಾರಿ ಆರೋಗ್ಯ ಸಹಾಯವಾಣಿ 111ಕ್ಕೆ ಫೋನ್ ಮಾಡಲಿ ಇಲ್ಲವೇ ಆಸ್ಪತ್ರೆಗೆ ಹೋಗಲಿ. ಎಷ್ಟು ನಿಮಿಷ ಮಲಗಿದ್ದರು, ಯಾವ ಮಂಚ, ಟ್ಯೂಬ್ ಯಾವಾಗ ಬದಲಿಸಿದ್ದು, ಕೌಂಟರಿನಲ್ಲಿ ಯಾರಿದ್ದರು ಅಂತ ಅಪಘಾತದ ಪುಸ್ತಕದಲ್ಲಿ ಅವತ್ತೇ ಬರೆಯಿರಿ. ಒಂದು ವೇಳೆ ಅಂಗಡಿಯಿಂದಲೇ ನೇರ ಆಸ್ಪತ್ರೆಗೆ ಚಿಕಿತ್ಸೆಗೆ ಕರೆದೊಯ್ಯಬೇಕಾಗಿ ಬಂದರೆ ಅದನ್ನು ಸರ್ಕಾರಕ್ಕೆ ವರದಿ ಮಾಡುವುದು ಕಡ್ಡಾಯ. ಆ ಮಂಚದ ಪ್ಲಗ್ ಕಿತ್ತು, ಬಾಗಿಲಿಗೆ ಚೀಟಿ ಅಂಟಿಸಿ, ಟೈಮರ್ ಮತ್ತು ಟ್ಯೂಬ್ ಅಳೆಸುವವರೆಗೆ ಒಬ್ಬರನ್ನೂ ಮಲಗಿಸಬೇಡಿ, ಬುಕಿಂಗ್ ಇದ್ದವರನ್ನೂ ಸೇರಿಸಿ.